ಗೋಡೆ ಒಡೆದು ಮಾಡಿದ ಬಾಗಿಲು

ದೊನ್ ಬೆಲ್ತ್ರಾನ್ ಅವರನ್ನು ನಾನು ಮೊದಲು ಕಂಡದ್ದು ಅವರ ಮನೆಯ ಹೆಬ್ಬಾಗಿಲಿನ ಮುಂದೆ, ದ್ರಾಕ್ಷಿ ಕೊಯ್ಲು ಮುಗಿದ ಮೇಲಿನ ಒಂದು ಮಧ್ಯಾಹ್ನ. ಪಲೆನ್ಸಿಯಾದಿಂದ ಉಪ್ಪು ಹೇರಿಕೊಂಡು ಹೊರಟಿದ್ದ ಹೇಸರಗತ್ತೆಗಳ ಜೊತೆ ನಡೆದುಕೊಂಡು ನಾನು ವಿಯಾಸೆಕಾ ಎಂಬ ಈ ಊರಿಗೆ ಬಂದಿದ್ದೆ. ಗೋಧಿ ಕೊಯ್ದ ಬಯಲು ಬೋಳಾಗಿತ್ತು. ಗಾಳಿಗೆ ಎದ್ದ ಧೂಳು ರೆಪ್ಪೆಯ ಮೇಲೆಲ್ಲ ಕೂತಿತ್ತು. ಬಗಲಲ್ಲಿ ಬಟ್ಟೆಯ ಗಂಟು, ಗಂಟಿನೊಳಗೆ ಸಲಮಾಂಕದ ವಿದ್ಯಾಪೀಠದಲ್ಲಿ ಪಡೆದ ಪದವಿಯ ಕಾಗದ. ಅದು ಮುದುಡಬಾರದೆಂದು ಅಮ್ಮ ಎರಡು ಹಲಗೆಗಳ ನಡುವೆ ಇಟ್ಟು ಉಣ್ಣೆಯ ದಾರದಲ್ಲಿ ಬಿಗಿದಿದ್ದಳು. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಅಕ್ಷರ ಕಲಿತವರಿರಲಿಲ್ಲ. ಅಪ್ಪ ಲೆಯೋನ್ ಬೆಟ್ಟಗಳಲ್ಲಿ ಬೇರೆಯವರ ಕುರಿ ಕಾಯುತ್ತಿದ್ದ.

ಬಾಗಿಲ ಪಕ್ಕದ ಕಲ್ಲಿಗೆ ಬೂಟು ಉಜ್ಜಿ ಪಾರಿವಾಳದ ಹಿಕ್ಕೆ ಒರೆಸಿಕೊಳ್ಳುತ್ತ ಒಬ್ಬರು ನಿಂತಿದ್ದರು. ಉದ್ದ ಆಳು, ಗಡ್ಡ ಪೂರ್ತಿ ಬಿಳಿ. ಕಪ್ಪು ಅಂಗಿ ಭುಜದ ಹತ್ತಿರ ಬಿಸಿಲಿಗೆ ಕಂದಿತ್ತು. ಎಡ ಮಂಡಿ ಬಾಗುತ್ತಿರಲಿಲ್ಲ. ಮನೆಯ ಮೇಸ್ತ್ರಿ ಇರಬೇಕು ಎಂದುಕೊಂಡು, "ದಣಿಗಳು ಇದ್ದಾರಾ?" ಎಂದು ಕೇಳಿದೆ. ಅವರು ತಿರುಗಿದಾಗ ಎದೆಯ ಮೇಲಿನ ಕೆಂಪು ಶಿಲುಬೆ ಕಂಡಿತು. ಸಂತಿಯಾಗೋ ಸಂಘದ ಆ ಗುರುತನ್ನು ದೊರೆ ಸುಮ್ಮನೆ ಯಾರಿಗೂ ಕೊಡುವುದಿಲ್ಲ. ನಾನು ಟೋಪಿ ತೆಗೆದು ನೆಲ ನೋಡಿದೆ.

"ನೀವೇನಾ ಬರಹಕ್ಕೆ ಬಂದವರು?"

"ಹೌದು ಒಡೆಯಾ."

"ತುಂಬ ದೂರ ನಡೆದಿದ್ದೀರಿ. ನಡೀರಿ ಒಳಗೆ."

ನಾನು ಪಕ್ಕಕ್ಕೆ ಸರಿದು ನಿಂತೆ. ಅವರೂ ಸರಿದು ನಿಂತರು. ಬಾಗಿಲು ನಮ್ಮಿಬ್ಬರ ನಡುವೆ ಖಾಲಿ ಇತ್ತು. ದೊಡ್ಡವರ ಮನೆಯಲ್ಲಿ ಒಡೆಯರಿಗಿಂತ ಮುಂಚೆ ಹೊಸ್ತಿಲು ದಾಟಿದರೆ ಅವತ್ತೇ ಕೆಲಸ ಹೋಯಿತು ಎಂದುಕೋ ಅಂತ ಅಪ್ಪ ಹೇಳಿ ಕಳಿಸಿದ್ದ. ಇದು ಪರೀಕ್ಷೆ ಇರಬೇಕೆಂದು ನಾನು ಅಲುಗಾಡಲಿಲ್ಲ.

"ನೀವು ಮೊದಲು," ಎಂದರು ದೊನ್ ಬೆಲ್ತ್ರಾನ್.

"ಒಡೆಯಾ, ನಾನು ಕುರುಬನ ಮಗ."

"ಆಗಲಿ. ನೀವು ಮೊದಲು."

ಒಳಗಿಂದ ಒಂದು ಹೆಂಗಸಿನ ದನಿ ಬಂತು. "ಎಲಾ, ಸಲಮಾಂಕದಲ್ಲಿ ಅಷ್ಟು ವರ್ಷ ಕೂರಿಸ್ಕೊಂಡು ಬಾಗಿಲು ದಾಟೋದು ಕಲಿಸ್ಲಿಲ್ವಾ? ಬನ್ನಿ ಪಂಡಿತರೇ, ಗಾಳಿ ಎಲ್ಲ ಒಳಗೆ ನುಗ್ತಾ ಇದೆ, ನನ್ನ ಒಲೆ ಆರತ್ತೆ."

ಅದು ಮನೆ ನೋಡಿಕೊಳ್ಳುವ ಕಸಿಲ್ದಾ. ನಾನು ಒಳಗೆ ಹೋದೆ. ಹಿಂದೆಯೇ ಅವರು ಬರುತ್ತಾರೆಂದು ತಿರುಗಿದರೆ ಅವರು ಇನ್ನೂ ಹೊರಗೇ ಇದ್ದರು. ಒಂದು ಭುಜ ಹಿಂದಕ್ಕೆ ಮಾಡಿ, ತಲೆ ತುಸು ಬಾಗಿಸಿ, ನನ್ನ ನಂತರ ಇನ್ನೊಬ್ಬರು ಒಳಗೆ ಹೋಗಲಿ ಎಂದು ಜಾಗ ಬಿಟ್ಟವರ ಹಾಗೆ ನಿಂತಿದ್ದರು. ಬೀದಿಯಲ್ಲಿ ಯಾರೂ ಇರಲಿಲ್ಲ. ಉಪ್ಪಿನ ಹೇಸರಗತ್ತೆಗಳೂ ಮುಂದೆ ಹೋಗಿಬಿಟ್ಟಿದ್ದವು. ಕೊನೆಗೆ ಅವರು ಹೊಸ್ತಿಲು ದಾಟಿದರು.

"ನೋಡ್ಬೇಡಿ," ಎಂದಳು ಕಸಿಲ್ದಾ ನನ್ನ ಕಿವಿಯ ಹತ್ತಿರ, ಅಡಿಗೆಮನೆಯಲ್ಲಿ ತಟ್ಟೆಗೆ ಬೆಳ್ಳುಳ್ಳಿ ಸಾರು ಬಡಿಸುತ್ತ. "ಎಲ್ಲ ಬಾಗಿಲಲ್ಲೂ ಹಾಗೇನೇ. ಅಭ್ಯಾಸ ಆಗತ್ತೆ."

ಅಭ್ಯಾಸವಾಗಲಿಲ್ಲ. ಆ ಮನೆಯಲ್ಲಿ ಬಾಗಿಲುಗಳು ಬಹಳ ಇದ್ದವು.

ನನ್ನ ಕೆಲಸ ಅವರ ಸೇವೆಯ ವೃತ್ತಾಂತ ಬರೆಯುವುದು. ದೊರೆಗೆ ದುಡಿದವರು ಎಲ್ಲೆಲ್ಲಿ ಕಾದಾಡಿದೆ, ಯಾವ ಯಾವ ಆಸ್ಥಾನಕ್ಕೆ ಹೋದೆ ಎಂದು ಬರೆಸಿ ರಾಜಧಾನಿಗೆ ಕಳಿಸುವುದು ನಮ್ಮಲ್ಲಿ ವಾಡಿಕೆ. ಹೊಸ ಹುದ್ದೆ ಬೇಕಾದವರಿಗೆ ಅದಿಲ್ಲದೆ ಆಗುವುದಿಲ್ಲ. ಚಳಿಗಾಲ ಪೂರ್ತಿ, ಕೆಂಡದ ಬಾಣಲೆಯನ್ನು ಕಾಲ ಬಳಿ ಇಟ್ಟುಕೊಂಡು ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ.

ಅವರು ಮನೆಯ ಎರಡನೆಯ ಮಗ. ಮನೆ, ಹೊಲ, ಪಾರಿವಾಳದ ಗೂಡುಮನೆ ಎಲ್ಲ ಅಣ್ಣನ ಪಾಲು. ಎರಡನೆಯವನಿಗೆ ಉಳಿಯುವುದು ಮಠ, ಇಲ್ಲವೇ ದಂಡು. ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದರಿಂದ ಊರಿನ ಒಕ್ಕಲಿನವಳೊಬ್ಬಳು ಅವರಿಗೆ ಹಾಲೂಡಿಸಿದಳು. ಆಕೆಯ ಮಗಳು ತೊರಿಬಿಯಾ, ಇವರು, ಇಬ್ಬರೂ ಒಂದೇ ಮಡಿಲಲ್ಲಿ ಹಾಲು ಕುಡಿದವರು. ಮೀಸೆ ಮೂಡುವ ಮುಂಚೆ ಫ್ಲಾಂಡರ್ಸಿನ ಯುದ್ಧಕ್ಕೆ ಹೋದರು. ಒಂದು ಕೋಟೆಯ ಕಂದಕದಲ್ಲಿ ಮಂಡಿಗೆ ಗುಂಡು ಬಿತ್ತು. ಮಲಗಿದ್ದ ಕಡೆ ಪಕ್ಕದ ಹಾಸಿಗೆಯ ಸೆರೆಯಾಳಿನಿಂದ ಫ್ರೆಂಚ್ ಕಲಿತರು. ಆ ಹೊತ್ತಿಗೆ ಕ್ಯಾಪ್ಟನ್ ಆಗಿದ್ದ, ಓಡಲಾರದ ಅವರನ್ನು ಮೇಲಿನವರು ಮಾತಿಗೆ ಕಳಿಸತೊಡಗಿದರು. ಶರಣಾಗುವ ಊರಿನ ಜೊತೆ ಕರಾರು, ಸೆರೆಯಾಳುಗಳ ಬಿಡುಗಡೆ, ಆಮೇಲೆ ಸವಾಯ್, ವೆನಿಸ್, ಪ್ರಾಗ್ ಹೀಗೆ ಆಸ್ಥಾನಗಳು. ಅಣ್ಣ ಮಕ್ಕಳಿಲ್ಲದೆ ಸತ್ತ ಮೇಲೆ ಊರಿಗೆ ಮರಳಿದ್ದರು. ಮದುವೆಯಾಗಲಿಲ್ಲ.

ಇವನ್ನೆಲ್ಲ ಅವರು ಹಿಂದೆ ಮುಂದೆ ನೋಡದೆ ಹೇಳುತ್ತಿದ್ದರು. ಒಂದು ಕಡೆ ಮಾತ್ರ ಕಾಲೆತ್ತಿ ದಾಟಿಬಿಡುತ್ತಿದ್ದರು.

"ಆ ಬೇಸಿಗೆ ಫ್ರಾನ್ಸಿನ ರಾಯಭಾರಿಯ ಜೊತೆ ಬಾಗಿಲಿನ ಪ್ರಸಂಗ ಆಯ್ತು. ನಮ್ಮ ದೊರೆಯ ಮಾನ ಉಳೀತು. ಅದಕ್ಕೆ ಈ ಶಿಲುಬೆ ಸಿಕ್ತು. ಬರೀರಿ, ಮುಂದೆ ಸವಾಯ್."

"ಒಡೆಯಾ, ಬಾಗಿಲಿನ ಪ್ರಸಂಗ ಸ್ವಲ್ಪ ಬಿಡಿಸಿ ಹೇಳಿದ್ರೆ ರಾಜಧಾನೀಲಿ ತೂಕ ಬರತ್ತೆ."

"ಅಲ್ಲಿರೋರಿಗೆಲ್ಲ ಗೊತ್ತು. ಬರೀರಿ, ಸವಾಯ್."

ತೊರಿಬಿಯಾಳನ್ನು ನಾನು ಕಂಡದ್ದು ಮೊದಲ ಭಾನುವಾರ, ಚರ್ಚಿನಲ್ಲಿ. ಪೂಜೆ ಶುರುವಾಗುವ ಮುಂಚೆ ಒಂದು ಕಂಬಕ್ಕೆ ಒರಗಿ ನಿಂತಿದ್ದೆ. ಯಾರೋ ನನ್ನ ಬೂಟಿನ ಮೇಲೆ ತಟ್ಟಿದರು.

"ಪಂಡಿತರೇ, ನನ್ನ ಗಂಡನ ಎದೆ ಮೇಲೆ ನಿಂತಿದ್ದೀರ. ಬದುಕಿದ್ದಾಗ ಅವನು ಯಾರಿಗೂ ಅಷ್ಟು ಸಲಿಗೆ ಕೊಟ್ಟವನಲ್ಲ."

ನಾನು ಹಾರಿ ಪಕ್ಕಕ್ಕೆ ಬಂದೆ. ಸುತ್ತಲಿನ ಹೆಂಗಸರು ಬಾಯಿಗೆ ಮುಸುಕು ಹಿಡಿದು ನಕ್ಕರು. ಚರ್ಚಿನ ನೆಲದ ಕಲ್ಲುಗಳ ಕೆಳಗೆ ಒಂದೊಂದು ಮನೆಯವರ ಸತ್ತವರು ಮಲಗಿರುತ್ತಾರೆ. ಆಯಾ ಮನೆಯ ಹೆಂಗಸು ತನ್ನವರ ಕಲ್ಲಿನ ಮೇಲೆ ಚಾಪೆ ಹಾಸಿ ಕೂರುತ್ತಾಳೆ. ಮನೆಯಲ್ಲಿ ಸಾವಾದರೆ ಮುಂದಿನ ಒಂದು ವರ್ಷ ಪ್ರತಿ ಭಾನುವಾರ ಆ ಕಲ್ಲಿನ ಮೇಲೆ ಗೋಧಿ ರೊಟ್ಟಿ ಇಟ್ಟು ಮೇಣದ ಬತ್ತಿ ಹಚ್ಚಬೇಕು. ರೊಟ್ಟಿ ಸತ್ತವರ ಹಸಿವೆಗೆ, ಬತ್ತಿ ಅವರ ದಾರಿಗೆ. ಪಾದ್ರಿ ಬಂದು ಆ ಹೆಸರು ಹಿಡಿದು ಪ್ರಾರ್ಥನೆ ಹೇಳುತ್ತಾರೆ. ಇದು ಹೆಂಗಸರ ಕೆಲಸ, ಗಂಡಸರು ಆ ಕಡೆ ಸುಳಿಯುವುದಿಲ್ಲ.

ತೊರಿಬಿಯಾಳ ಕಲ್ಲು ಬರಿದಾಗಿತ್ತು. ಗಂಡನ ವರ್ಷ ಎಂದೋ ಮುಗಿದಿತ್ತು. ಪೂಜೆ ಮುಗಿದು ಹೊರಗೆ ಬರುವಾಗ ಆಕೆ ಬಾಗಿಲ ಹತ್ತಿರ ದೊನ್ ಬೆಲ್ತ್ರಾನರಿಗಾಗಿ ಕಾದಿದ್ದಳು.

"ಸುದ್ದಿ ಏನಾದ್ರೂ ಬಂತಾ ದಣಿ?"

"ಇಲ್ಲ ತೊರಿಬಿಯಾ."

"ಸರಿ ಬಿಡಿ. ಕಾಲು ಹುಷಾರು, ಮೆಟ್ಟಿಲು ಜಾರತ್ತೆ."

ಅವರು ಆಕೆಯನ್ನು ಮೊದಲು ಹೋಗಬಿಟ್ಟರು. ಮತ್ತೆ ಭುಜ ಹಿಂದಕ್ಕೆ ಮಾಡಿ ಇನ್ನೊಬ್ಬರಿಗೆ ಜಾಗ ಬಿಟ್ಟರು. ಆಮೇಲೆ ತಾವು ಬಂದರು. ಮುಂದಿನ ಭಾನುವಾರವೂ ಅದೇ ಪ್ರಶ್ನೆ, ಅದೇ ಉತ್ತರ.

ಕಸಿಲ್ದಾ ಆ ವಿಷಯ ಹೇಳಿದಳು. ತೊರಿಬಿಯಾಗೆ ಒಬ್ಬನೇ ಮಗ, ಅಂತೋಲಿನ್. ದೊನ್ ಬೆಲ್ತ್ರಾನ್ ಒಮ್ಮೆ ಊರಿಗೆ ಬಂದಾಗ ತಾವೇ ಕೇಳಿ ಅವನನ್ನು ದಂಡಿಗೆ ಕರೆದೊಯ್ದಿದ್ದರು. ನನ್ನ ಕಣ್ಣೆದುರೇ ಇರ್ತಾನೆ ಎಂದು ತೊರಿಬಿಯಾಗೆ ಮಾತು ಕೊಟ್ಟಿದ್ದರು. ಅವನನ್ನು ತಮ್ಮ ದಳದ ಬಾವುಟ ಹೊರುವವನನ್ನಾಗಿ ಮಾಡಿದರು. ಫ್ಲಾಂಡರ್ಸಿನ ಯಾವುದೋ ಊರು ಶರಣಾಗುವಾಗ ಎರಡೂ ಕಡೆಯವರು ಒಬ್ಬೊಬ್ಬರನ್ನು ಒತ್ತೆ ಇಟ್ಟುಕೊಂಡರಂತೆ. ಅಂತೋಲಿನ್ ಆ ಕಡೆ ಒತ್ತೆಯಾಗಿ ಹೋದವನು ಹಿಂದಿರುಗಲಿಲ್ಲ.

"ಬದುಕಿದ್ದಾನಾ?" ಎಂದೆ.

"ಅದನ್ನೇ ಯಾರೂ ಹೇಳಲ್ವಲ್ಲ. ಒತ್ತೆ ಹೋದ, ಅಲ್ಲೇ ಉಳ್ಕೊಂಡ ಅಂತ ದಣಿ ಹೇಳಿದ್ದು. ಆ ದಂಡಲ್ಲಿ ನಮ್ಮೂರೋರು ಅವರಿಬ್ಬರೇ. ಇನ್ನು ಯಾರನ್ನ ಕೇಳೋದು?"

ಚಳಿಗಾಲ ಕಳೆಯುವ ಹೊತ್ತಿಗೆ ತೊರಿಬಿಯಾಗೆ ಎದೆಯಲ್ಲಿ ಕೆಮ್ಮು ಕಟ್ಟಿತು. ಆದರೂ ದೊನ್ ಬೆಲ್ತ್ರಾನರ ಮನೆಗೆ ಅಡಿಗೆ ಕೆಲಸಕ್ಕೆ ಬರುವುದು ಬಿಡಲಿಲ್ಲ. ಒಂದು ದಿನ ಅಡಿಗೆಮನೆಯಲ್ಲಿ ಕಡಲೆ ಆರಿಸುತ್ತ ಕೂತಿದ್ದವಳು ತಲೆಯೆತ್ತದೆ ನನ್ನನ್ನು ಕೇಳಿದಳು.

"ಪಂಡಿತರೇ, ನೀವು ಓದಿದೋರು. ಬದುಕಿರೋ ಮಗನಿಗೆ ಅಮ್ಮ ಕಲ್ಲಿನ ಮೇಲೆ ರೊಟ್ಟಿ ಇಟ್ರೆ ಏನಾಗತ್ತೆ?"

"ಪುಸ್ತಕದಲ್ಲಿ ಅದಿಲ್ಲಮ್ಮ."

"ಏನಾಗತ್ತೆ ಅಂತ ನನಗೊತ್ತು. ನಾನೇ ಅವನ್ನ ಕೊಂದ ಹಾಗಾಗತ್ತೆ. ಇನ್ನು ಸತ್ತಿರೋನಿಗೆ ಇಡದೇ ಹೋದ್ರೆ? ಅವನು ಕತ್ತಲಲ್ಲಿ, ಹಸ್ಕೊಂಡು, ಯಾರದೋ ಬಾಗಿಲ ಮುಂದೆ ನಿಂತಿರ್ತಾನೆ. ಎರಡರಲ್ಲಿ ಯಾವುದು ಅಂತ ಒಬ್ಬರು ಹೇಳ್ಬೇಕು. ನಾನು ಹೋದ ಮೇಲೆ ಇಡೋರು ಯಾರಿದ್ದಾರೆ?"

"ಸಾಯೋ ಮಾತು ಬೇಡ," ಎಂದಳು ಕಸಿಲ್ದಾ. "ಕಡಲೆ ಜೊತೆ ಕಲ್ಲೂ ಹಾಕ್ತಾ ಇದ್ದೀಯ ನೋಡು."

"ನಿನ್ನ ಅಡಿಗೆಗೆ ಕಲ್ಲು ಬಿದ್ರೆ ಗೊತ್ತಾಗೋದಿಲ್ಲ ಬಿಡೇ."

ಇಬ್ಬರೂ ನಕ್ಕರು. ತೊರಿಬಿಯಾಳ ನಗು ಕೆಮ್ಮಿಗೆ ತಿರುಗಿತು. ಅಡಿಗೆಮನೆಯ ಬಾಗಿಲ ಆಚೆ ದೊನ್ ಬೆಲ್ತ್ರಾನ್ ನಿಂತಿದ್ದನ್ನು ಆಗ ನಾನು ಕಂಡೆ. ಅವರು ಒಳಗೆ ಬರಲಿಲ್ಲ. ಬಂದ ಹಾಗೆಯೇ ಹಿಂದಿರುಗಿದರು.

ಆ ವಾರವೇ ಗೂಡುಮನೆಯ ಪ್ರಸಂಗ ನಡೆಯಿತು. ಮಣ್ಣಿನ ಗೋಡೆಯ ಆ ದುಂಡು ಗೂಡುಮನೆಯಲ್ಲಿ ನೂರಾರು ಪಾರಿವಾಳಗಳಿದ್ದವು, ಮನೆಯ ಊಟ ಅರ್ಧ ಅದರಿಂದಲೇ. ಗೋಡೆ ಒಂದು ಕಡೆ ಬಿರಿದಿತ್ತು. ರಿಪೇರಿ ಮಾಡಿಸಲು ಅವರು ಒಪ್ಪುತ್ತಿರಲಿಲ್ಲ. ಅವರು ಮಧ್ಯಾಹ್ನ ಮಲಗಿದ್ದಾಗ ಕಸಿಲ್ದಾ ತಾನೇ ಒಬ್ಬ ಗಾರೆಯವನನ್ನು ಕರೆಸಿಬಿಟ್ಟಳು. ಅವನು ಉಳಿ ಇಟ್ಟು ಸಡಿಲ ಮಣ್ಣು ಕೆಡವತೊಡಗಿದ. ಠಕ್ ಠಕ್ ಸದ್ದು ಬಿಸಿಲಲ್ಲಿ ಒಣಗಿದ ಅಂಗಳದ ತುಂಬ ತುಂಬಿಕೊಂಡಿತು. ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು.

ದೊನ್ ಬೆಲ್ತ್ರಾನ್ ಬರಿಗಾಲಲ್ಲಿ ಓಡಿಬಂದರು. ಆ ಮಂಡಿಯಲ್ಲಿ ಅವರು ಹೇಗೆ ಓಡಿದರೋ. ಗಾರೆಯವನ ಮುಂಗೈ ಹಿಡಿದರು.

"ಸಾಕು. ಸಾಕು ನಿಲ್ಲಿಸು. ನಾನು ಹಿಂದೆ ಹೋಗ್ತೀನಿ. ಬಾಗಿಲು ಬೇಡ."

"ದಣಿ, ಬಾಗಿಲಲ್ಲ ಇದು," ಎಂದ ಅವನು ಹೆದರಿ. "ಬಿರುಕು ಮುಚ್ತಾ ಇದೀನಿ."

ಅವರು ಅವನ ಮುಖ ನೋಡಿದರು. ಗೋಡೆ ನೋಡಿದರು. ಆಮೇಲೆ ತಮ್ಮ ಹಿಂದೆ, ಎಡ ಭುಜದ ಕಡೆ ನೋಡಿದರು. ಅಲ್ಲಿ ನೆರಳು ಕೂಡ ಇಲ್ಲದ ನಡುಹಗಲು. ಗಾರೆಯವನು ಉಳಿ ಎತ್ತಿಕೊಂಡು ಹೊರಟುಹೋದ. ಅವರು ಅಲ್ಲೇ ನೆಲದ ಮೇಲೆ ಕೂತರು, ನಾನು ಪಕ್ಕದಲ್ಲಿ ಕೂತೆ. ಹಕ್ಕಿಗಳು ಒಂದೊಂದಾಗಿ ಗೂಡಿಗೆ ಇಳಿದವು. ಆಗ ಅವರು ಹೇಳಿದರು.

ಆ ಊರು ಶರಣಾಗಲು ಒಪ್ಪಿತ್ತು. ನಡುವೆ ನಿಂತು ಸಂಧಿ ಮಾಡಿಸಲು ಫ್ರಾನ್ಸಿನ ರಾಯಭಾರಿ ಬಂದಿದ್ದ. ಎರಡೂ ಪಾಳಯಗಳ ಮಧ್ಯೆ ಒಂದು ಒಂಟಿ ಮನೆ, ಅದರಲ್ಲಿ ಸಹಿ. ಸಂಜೆಯ ಗಂಟೆಯವರೆಗೆ ಯಾರೂ ಗುಂಡು ಹಾರಿಸುವಂತಿಲ್ಲ ಎಂದು ಮಾತಾಗಿತ್ತು. ಆ ಮಾತಿಗೆ ಜಾಮೀನಾಗಿ ಅಂತೋಲಿನ್ ಆ ಊರಿನವರ ಕೋಟೆಯೊಳಗಿದ್ದ. ಮನೆಗೆ ಇದ್ದದ್ದು ಒಂದೇ ಬಾಗಿಲು. ಇವರು, ಫ್ರಾನ್ಸಿನವನು, ಇಬ್ಬರೂ ಒಟ್ಟಿಗೆ ಅದರ ಮುಂದೆ ಬಂದು ನಿಂತರು.

"ಯಾರು ಹಿಂದೆ ಹೋದರೆ ಅವರ ದೊರೆ ಹಿಂದೆ ಹೋದ ಹಾಗೆ," ಎಂದರು ದೊನ್ ಬೆಲ್ತ್ರಾನ್. "ನಾನು ಹೋಗೋ ಹಾಗಿಲ್ಲ. ಅವನೂ ಹೋಗೋ ಹಾಗಿಲ್ಲ. ಒಟ್ಟಿಗೆ ನುಗ್ಗೋಣ ಅಂದ್ರೆ ಬಾಗಿಲು ಚಿಕ್ಕದು. ಟೋಪಿ ತೆಗೆದು ಒಬ್ಬರಿಗೊಬ್ಬರು ನಮಸ್ಕಾರ ಮಾಡ್ಕೊಂಡು, ಮತ್ತೆ ಟೋಪಿ ಹಾಕ್ಕೊಂಡು, ಬಿಸಿಲಲ್ಲಿ ನಿಂತಿದ್ವಿ. ಊಟದ ಹೊತ್ತು ಹೋಯ್ತು. ಕೊನೆಗೆ ಅವನೇ ಅಂದ, ಗೋಡೆ ಒಡೆದು ಇನ್ನೊಂದು ಬಾಗಿಲು ಮಾಡ್ಸೋಣ, ಒಂದೊಂದರಲ್ಲಿ ಒಬ್ಬೊಬ್ಬರು ಒಂದೇ ಹೊತ್ತಿಗೆ ಕಾಲಿಡೋಣ. ಒಳ್ಳೇ ಮಾತು ಅಂದೆ. ಕಲ್ಲುಕುಟಿಗರನ್ನ ಕರೆಸಿದ್ವಿ. ಗಟ್ಟಿ ಗೋಡೆ."

ಗೋಡೆ ಬೀಳುವ ಮುಂಚೆ ಸಂಜೆಯ ಗಂಟೆ ಬಾರಿಸಿತು. ಸಂಬಳ ಕಾಣದೆ ಹಸಿದಿದ್ದ ನಮ್ಮ ಸಿಪಾಯಿಗಳು ಸಂಧಿ ಮುರಿಯಿತು, ಊರು ಲೂಟಿಗೆ ಸಿಕ್ಕಿತು ಎಂದುಕೊಂಡು ಕಂದಕಕ್ಕೆ ಹಾರಿದರು. ಊರಿನವರು ಒತ್ತೆಯಾಳನ್ನು ಕೋಟೆಯ ಗೋಡೆಯ ಮೇಲೆ ತಂದರು.

"ನಾವು ನಿಂತಿದ್ದ ಅಂಗಳದಿಂದ ಕಾಣ್ತಿತ್ತು. ನಮ್ಮೋರನ್ನ ಹಿಂದಕ್ಕೆ ಕರೆಸೋಕೆ ಆಳು ಓಡಿಸ್ದೆ. ಹೊತ್ತು ಮೀರಿತ್ತು. ಹಗ್ಗ ಹಾಕಿದ್ರು. ನಾನು ಹೊದಿಸಿ ಕಳಿಸಿದ್ದ ನನ್ನದೇ ಮೇಲಂಗಿ ಅವನ ಮೈಮೇಲಿತ್ತು."

ನಾನು ಶಿಲುಬೆಯ ಗುರುತು ಮಾಡಿಕೊಂಡೆ.

"ಅದಲ್ಲ," ಎಂದರು. "ಹಿಂದಿನಿಂದ ಸುತ್ತಿಗೆ ಸದ್ದು ನಿಲ್ತು. ಬಾಗಿಲು ಆಯ್ತು ಅಂತ ಬಂದು ಹೇಳಿದ್ರು. ಫ್ರಾನ್ಸಿನವನು ನಮಸ್ಕಾರ ಮಾಡಿದ. ನಾನೂ ಮಾಡ್ದೆ. ಅಂತೋಲಿನ್ ಕಾಲು ಇನ್ನೂ ಆಡ್ತಾ ಇತ್ತು. ನಾನು ಎಡಗಾಲು ಎತ್ತಿ ಹೊಸ ಬಾಗಿಲಲ್ಲಿ ಇಟ್ಟೆ, ಅವನು ಹಳೇ ಬಾಗಿಲಲ್ಲಿ. ಒಂದೇ ಹೊತ್ತಿಗೆ. ಸಹಿ ಆಯ್ತು. ಊರು ನಮ್ಮದಾಯ್ತು. ಅವತ್ತಿಂದ ಎಲ್ಲಿ ಬಾಗಿಲು ಬಂದ್ರೂ ಅವನು ನನ್ನ ಎಡಕ್ಕೆ ಬಂದು ನಿಲ್ತಾನೆ. ಬಯ್ಯಲ್ಲ, ಏನೂ ಇಲ್ಲ. ಟೋಪಿ ಕೈಯಲ್ಲಿ ಹಿಡ್ಕೊಂಡು ಕಾಯ್ತಾ ಇರ್ತಾನೆ, ನಾನು ಹೋಗ್ಲಿ ಅಂತ. ನಾನು ಅವನೇ ಮೊದಲು ಹೋಗ್ಲಿ ಅಂತ ನಿಲ್ತೀನಿ. ಅವನು ಹೋಗಲ್ಲ."

"ಒಡೆಯಾ, ತೊರಿಬಿಯಮ್ಮನಿಗೆ ಹೇಳ್ಬೇಕು."

"ಹೇಳ್ಬೇಕು." ಅವರು ಎದೆಯ ಶಿಲುಬೆಯನ್ನು ಮುಟ್ಟಿದರು. "ದೊರೆ ಇದನ್ನ ಆ ಬಾಗಿಲಿಗೇ ಕೊಟ್ಟಿದ್ದು. ಎಲ್ಲರೂ ಹೊಗಳಿದ್ರು. ಅದು ತಪ್ಪು ಅಂತ ನಾನಂದ್ರೆ ದೊರೆ ತಪ್ಪಿಗೆ ಮರ್ಯಾದೆ ಮಾಡಿದ ಅಂತ ಆಯ್ತು. ಅದನ್ನ ಹೇಳೋಕೆ ನಾನ್ಯಾರು? ತಪ್ಪಲ್ಲ ಅಂತಂದು ಅವಳ ಎದುರಿಗೆ ಹೇಗೆ ನಿಲ್ಲಲಿ? ಅವಳು ಕೇಳೋದು ಒಂದೇ ಮಾತು, ಇದ್ದಾನಾ ಇಲ್ವಾ ಅಂತ. ಇಲ್ಲ ಅಂದ್ರೆ ಹೇಗೆ ಹೋದ ಅಂತ ಕೇಳ್ತಾಳೆ."

ಈಸ್ಟರ್ ಹಬ್ಬ ಮುಗಿದ ವಾರ ರಾಜಧಾನಿಯಿಂದ ದೊನ್ ಫದ್ರಿಕೆ ಎಂಬವರು ಬಂದರು. ನಾನು ಬರೆದ ವೃತ್ತಾಂತ ತಲುಪಿತ್ತು. ಪ್ಯಾರಿಸ್ಸಿಗೆ ಹೊಸ ರಾಯಭಾರಿ ಬೇಕಾಗಿತ್ತು, ಆಲೋಚನಾ ಸಭೆಯವರಿಗೆ ಇವರ ಹೆಸರೇ ಮೊದಲು ಹೊಳೆದಿತ್ತು. ಒಪ್ಪಿಗೆ ಕೇಳಿಕೊಂಡು ಹೋಗಲು ಅವರು ಬಂದದ್ದು. ದೊನ್ ಬೆಲ್ತ್ರಾನರ ಮುಖದಲ್ಲಿ ಅಂದು ಕಂಡ ಆಸೆಯನ್ನು ನಾನು ಮುಂಚೆ ಕಂಡಿರಲಿಲ್ಲ. ಈ ಊರು, ಈ ಚರ್ಚು, ಆ ಭಾನುವಾರದ ಪ್ರಶ್ನೆ, ಎಲ್ಲವೂ ಹಿಂದೆ ಉಳಿಯುತ್ತಿದ್ದವು.

ಕಸಿಲ್ದಾ ಪಾರಿವಾಳದ ಗಸಿ ಮಾಡಿದಳು, ಕುರಿ ಸುಟ್ಟಳು. ಹಕ್ಕಿಗಳ ಪುಕ್ಕ ಕೀಳಲು, ಬಡಿಸಲು ತೊರಿಬಿಯಾ ಬಂದಿದ್ದಳು. ಮಧ್ಯಾಹ್ನದ ಊಟ. ಒಳ್ಳೆಯ ದ್ರಾಕ್ಷಾರಸ ಕುಡಿದು ಖುಷಿಯಾಗಿದ್ದ ಅತಿಥಿ ನನ್ನತ್ತ ತಿರುಗಿದರು.

"ಬರಹಗಾರರೇ, ಬಾಗಿಲಿನ ಕಥೆ ಯಾಕ್ರೀ ಎರಡೇ ಸಾಲಲ್ಲಿ ಮುಗಿಸಿದ್ದೀರ? ಅದಕ್ಕೇ ಅಲ್ವಾ ನಾವು ಇವರನ್ನ ಕರೀತಾ ಇರೋದು. ಆ ಫ್ರೆಂಚರ ಎದುರಿಗೆ ಬೆಳಗಿಂದ ಸಂಜೆವರೆಗೆ ಬಿಸಿಲಲ್ಲಿ ನಿಂತು, ಕೊನೆಗೆ ಗೋಡೆನೇ ಒಡೆಸಿದ್ರಲ್ಲ. ಅಂಥ ಒಬ್ಬರು ಪ್ಯಾರಿಸ್ಸಲ್ಲಿ ಕೂತಿದ್ರೆ ನಮಗೆ ನಿದ್ದೆ ಚೆನ್ನಾಗಿ ಬರತ್ತೆ."

ಬಡಿಸುತ್ತಿದ್ದ ತೊರಿಬಿಯಾ ನಕ್ಕಳು. "ಬಾಗಿಲಿದ್ದೂ ಗೋಡೆ ಒಡೆದ್ರಾ? ನಮ್ಮ ಹೋರಿನೂ ಹಾಗೇ ಮಾಡತ್ತೆ."

ಅತಿಥಿಯೂ ನಕ್ಕರು. "ನೋಡಿ, ಈ ಅಜ್ಜಿಗೆ ರಾಯಭಾರ ಗೊತ್ತಿಲ್ಲ. ಒಂದು ಊರು ಶರಣಾಗೋ ದಿನ ಅಜ್ಜಿ, ಫ್ಲಾಂಡರ್ಸಿನಲ್ಲಿ."

ತೊರಿಬಿಯಾಳ ಕೈಯಲ್ಲಿ ಗಸಿಯ ಪಾತ್ರೆ ಇತ್ತು. ಅದನ್ನು ಮೇಜಿನ ಮೇಲೆ ಇಟ್ಟಳು.

"ದಣಿ, ನನ್ನ ಮಗನ್ನ ಒತ್ತೆ ಇಟ್ಟ ದಿನಾನಾ ಅದು?"

ದೊನ್ ಬೆಲ್ತ್ರಾನ್ ತಟ್ಟೆ ನೋಡುತ್ತ ಕೂತಿದ್ದರು. ಅವರ ಬಾಯಿಂದ ಇಲ್ಲ ಎಂಬ ಒಂದು ಮಾತು ಬಂದಿದ್ದರೆ ಮುಂದಿನ ತಿಂಗಳು ಪ್ಯಾರಿಸ್ಸಿನಲ್ಲಿ ಇರುತ್ತಿದ್ದರು. ಆ ಮಾತು ಗಂಟಲಿಗೆ ಬಂದದ್ದು ನನಗೆ ಕಂಡಿತು. ಅವರು ಎದ್ದು ನಿಂತರು. ಬಡಿಸುವ ಹೆಂಗಸಿನ ಎದುರು ಆ ಮನೆತನದವರು ಎದ್ದು ನಿಂತದ್ದು ಅದೇ ಮೊದಲು ಎಂದು ಕಸಿಲ್ದಾ ಆಮೇಲೆ ಹೇಳಿದಳು.

"ಅದೇ ದಿನ," ಎಂದರು. "ಅವನು ಇಲ್ಲ ತೊರಿಬಿಯಾ. ಅವತ್ತೇ ಹೋದ."

ಆಮೇಲೆ ಗೂಡುಮನೆಯ ಹತ್ತಿರ ನನಗೆ ಹೇಳಿದ್ದನ್ನೆಲ್ಲ ಹೇಳಿದರು. ಬಿಸಿಲು, ನಮಸ್ಕಾರ, ಗಂಟೆ, ಹಗ್ಗ. ಕಾಲಿನದೂ ಹೇಳಿದರು. ಹೊಸ ಬಾಗಿಲಲ್ಲಿ ತಾವು ಇಟ್ಟ ಹೆಜ್ಜೆಯನ್ನೂ ಬಿಡಲಿಲ್ಲ.

"ಯುದ್ಧದಲ್ಲಿ ಇಂಥವು ಇದ್ದದ್ದೇ," ಎಂದರು ದೊನ್ ಫದ್ರಿಕೆ. "ದೊರೆಯ ಮಾನದ ಮುಂದೆ—"

"ನೀವು ಸ್ವಲ್ಪ ಸುಮ್ನಿರಿ ಸ್ವಾಮಿ," ಎಂದಳು ತೊರಿಬಿಯಾ. ದನಿ ಏರಿಸಲಿಲ್ಲ. "ದಣಿ, ಅವನು ನಿಮ್ಮನ್ನ ನೋಡಿದ್ನಾ?"

"ನೋಡಿದ."

"ನೀವು ಬಾಗಿಲ ಮುಂದೆ ನಿಂತಿದ್ದನ್ನ?"

"ಹೌದು."

ತೊರಿಬಿಯಾ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಬಹಳ ಹೊತ್ತು ಕೆಮ್ಮಿದಳು. ಕಸಿಲ್ದಾ ನೀರು ತಂದಳು, ಕುಡಿಯಲಿಲ್ಲ.

"ಒಂದೇ ಮೊಲೆ ಹಾಲು ಕುಡಿದೋರು ನಾವು," ಎಂದಳು. "ನೀವು ಹೇಳಿದ್ರೆ ಅವತ್ತೇ ರೊಟ್ಟಿ ಇಡ್ತಿದ್ದೆ. ಇಷ್ಟು ವರ್ಷ ಅವನು ಹಸ್ಕೊಂಡು ನಿಂತಿದ್ದಾನೆ."

"ನಿಂತಿದ್ದಾನೆ," ಎಂದರು ದೊನ್ ಬೆಲ್ತ್ರಾನ್. "ನನಗೆ ಕಾಣ್ತಾನೆ."

"ನನಗೆ ಒಂದಿನಾನೂ ಕಾಣ್ಲಿಲ್ವಲ್ಲ." ಮುಸುಕು ಸರಿಮಾಡಿಕೊಂಡಳು. "ನಾನು ಇಡಲ್ಲ ಈಗ. ನನ್ನ ಕೈ ಬರಲ್ಲ. ನೀವು ಇಡಿ. ಆಳಿನ ಕೈಲಿ ಕಳಿಸ್ಬೇಡಿ, ಕಸಿಲ್ದನ ಕೈಲಿ ಕಳಿಸ್ಬೇಡಿ. ನೀವೇ ಬಂದು ಇಡಿ."

ಆಕೆ ಹೋದಳು. ಅತಿಥಿ ತಮ್ಮ ಲೋಟವನ್ನು ಸ್ವಲ್ಪ ಆ ಕಡೆ ಈ ಕಡೆ ಸರಿಸಿದರು.

"ಬೆಲ್ತ್ರಾನ್, ಸಂತಿಯಾಗೋ ಸಂಘದವರು ಹೆಂಗಸರ ನಡುವೆ ಬುಟ್ಟಿ ಹಿಡ್ಕೊಂಡು ಮಂಡಿಯೂರಿದ ಸುದ್ದಿ ರಾಜಧಾನಿಗೆ ಬಂದ್ರೆ ನಾನು ಏನು ಹೇಳ್ಲಿ? ಫ್ರೆಂಚರು ನಗ್ತಾರೆ. ದುಡ್ಡು ಕೊಟ್ಟು ಪೂಜೆ ಮಾಡ್ಸಿ, ಸಾಕು."

"ನೀವು ನೋಡಿದ್ದನ್ನೇ ಹೇಳಿ," ಎಂದರು ಅವರು.

ಮರುದಿನ ಬೆಳಿಗ್ಗೆ ದೊನ್ ಫದ್ರಿಕೆ ಹೊರಟರು. ಕುದುರೆ ಏರುವ ಮುಂಚೆ, ಮನಸ್ಸು ಬದಲಾದರೆ ಭಾನುವಾರದೊಳಗೆ ಆಳು ಕಳಿಸಿ ಎಂದರು. ಆಳು ಹೋಗಲಿಲ್ಲ.

ಭಾನುವಾರ ಕಸಿಲ್ದಾ ರೊಟ್ಟಿ ಸುಟ್ಟಳು, ಬುಟ್ಟಿಗೆ ಬಿಳಿ ಬಟ್ಟೆ ಹಾಕಿದಳು. ದೊನ್ ಬೆಲ್ತ್ರಾನ್ ತಾವೇ ಹಿಡಿದುಕೊಂಡರು. ಬೀದಿಯುದ್ದಕ್ಕೂ ಜನ ನೋಡಿದರು. ಕಮ್ಮಾರನ ಅಂಗಡಿಯ ಮುಂದೆ ಯಾರೋ, "ದಣಿ, ಅಂಗಡಿ ಇಟ್ರಾ?" ಎಂದರು, ಉಳಿದವರು ಕಿಸಕ್ಕೆಂದರು. ಚರ್ಚಿನಲ್ಲಿ ಅವರ ಮನೆತನದ ಪೀಠ ಮುಂದೆ, ಪೂಜಾಪೀಠದ ಬಲಕ್ಕಿತ್ತು. ಅವರು ಅದರತ್ತ ಹೋಗದೆ, ಹಿಂದೆ ಕೂತಿದ್ದ ಹೆಂಗಸರ ನಡುವೆ ನಡೆದರು. ಹೆಂಗಸರು ಚಾಪೆ ಎಳೆದುಕೊಂಡು ಜಾಗ ಬಿಟ್ಟರು, ಕೆಲವರು ನಗು ತಡೆಯಲಾರದೆ ತಲೆ ಬಗ್ಗಿಸಿದರು. ತೊರಿಬಿಯಾ ತನ್ನ ಕಲ್ಲಿನ ಮೇಲೆ ಕೂತಿದ್ದಳು. ಅವರತ್ತ ನೋಡಲಿಲ್ಲ. ಬಾಗದ ಮಂಡಿಯನ್ನು ಪಕ್ಕಕ್ಕೆ ಚಾಚಿ ಅವರು ನೆಲಕ್ಕೆ ಇಳಿದರು, ಇಳಿಯುವಾಗ ನೋವಿಗೆ ಉಸಿರು ಬಿಗಿಯಿತು. ರೊಟ್ಟಿ ಇಟ್ಟರು. ಬತ್ತಿ ಹಚ್ಚಿದರು. ಎರಡು ಸಲ ಆರಿತು. ಮೂರನೆಯ ಸಲ ತೊರಿಬಿಯಾ ಮುಖ ಆ ಕಡೆ ಇಟ್ಟುಕೊಂಡೇ ಗಾಳಿಗೆ ತನ್ನ ಅಂಗೈ ಅಡ್ಡ ಹಿಡಿದಳು.

ಪಾದ್ರಿ ಬಂದು ನಿಂತರು, ಏನು ಮಾಡುವುದೆಂದು ತಿಳಿಯದೆ.

"ಯಾರ ಹೆಸರಿಗೆ?" ಎಂದು ಮೆಲ್ಲಗೆ ಕೇಳಿದರು.

ದೊನ್ ಬೆಲ್ತ್ರಾನ್ ತೊರಿಬಿಯಾಳತ್ತ ನೋಡಿದರು. ಆಕೆ ಹೇಳಲಿಲ್ಲ.

"ಅಂತೋಲಿನ್," ಎಂದರು ಅವರು. "ತೊರಿಬಿಯಾಳ ಮಗ."

ಆಗ ಆಕೆ ಅತ್ತಳು. ಆ ಮೇಲೆ ಕೂಡ ಅವರ ಜೊತೆ ಮಾತಾಡಲಿಲ್ಲ. ಚರ್ಚಿನ ಬಾಗಿಲಲ್ಲಿ ಕಾಯುವುದನ್ನೂ, ಸುದ್ದಿ ಕೇಳುವುದನ್ನೂ ಬಿಟ್ಟಳು. ಭಾನುವಾರದ ಆ ಹೊತ್ತು ಇಬ್ಬರೂ ಒಂದೇ ಕಲ್ಲಿನ ಮೇಲೆ, ಒಬ್ಬರಿಗೊಬ್ಬರು ಓರೆಯಾಗಿ ಕೂರುತ್ತಿದ್ದರು. ಪ್ಯಾರಿಸ್ಸಿಗೆ ಬೇರೆ ಯಾರೋ ಹೋದರು. ದೊನ್ ಬೆಲ್ತ್ರಾನರಿಗೆ ಬುದ್ಧಿ ಕೆಟ್ಟಿದೆ ಎಂಬ ಮಾತು ರಾಜಧಾನಿಯಲ್ಲಿ ಹಬ್ಬಿತೆಂದು ಪಲೆನ್ಸಿಯಾದ ಸಂತೆಯಿಂದ ಬಂದವರು ಹೇಳಿದರು. ಅಲ್ಲಿಂದ ಮತ್ತೆ ಯಾರೂ ಬರಲಿಲ್ಲ.

ವರ್ಷ ತುಂಬಿದಾಗ ಪಾದ್ರಿ ಇನ್ನು ಸಾಕು ಎಂದರು. ದೊನ್ ಬೆಲ್ತ್ರಾನ್ ನನ್ನನ್ನು ತೊರಿಬಿಯಾಳ ಮನೆಗೆ ಕಳಿಸಿ ಕೇಳಿಸಿದರು. ಆಕೆ ಒಲೆಯ ಪಕ್ಕ ಮಲಗಿದ್ದಳು, ಎದೆ ಸಿಳ್ಳು ಹಾಕುತ್ತಿತ್ತು.

"ನಿಲ್ಸಿ ಅಂತ ನಾನು ಹೇಳಿದ್ನಾ?" ಎಂದಳು.

ಮುಂದೆ ಬಂದ ಚಳಿಗಾಲದಲ್ಲಿ ತೊರಿಬಿಯಾ ತೀರಿಕೊಂಡಳು. ಅದೇ ಕಲ್ಲನ್ನು ಎತ್ತಿ ಆಕೆಯನ್ನು ಗಂಡನ ಪಕ್ಕ ಮಲಗಿಸಿದರು. ಕಲ್ಲು ಎತ್ತಲು ಕುಟಿಗರು ಉಳಿ ಹಿಡಿದಾಗ ದೊನ್ ಬೆಲ್ತ್ರಾನ್ ಹತ್ತಿರವೇ ನಿಂತಿದ್ದರು. ಅಲುಗಾಡಲಿಲ್ಲ. ಮನೆಗೆ ಬರುವ ದಾರಿಯಲ್ಲಿ ನಾನು ಧೈರ್ಯ ಮಾಡಿ ಕೇಳಿದೆ.

"ಅವನು ಹೋದ್ನಾ ಒಡೆಯಾ?"

"ಇಲ್ಲ," ಎಂದರು. ಸ್ವಲ್ಪ ದೂರ ನಡೆದ ಮೇಲೆ ಹೇಳಿದರು. "ಈಗ ನಿಲ್ಲಲ್ಲ. ಕೂತಿರ್ತಾನೆ."

ಇದಾಗಿ ಬಹಳ ವರ್ಷಗಳಾದವು. ನಾನು ಊರಿನ ಪಂಚಾಯಿತಿಯ ಬರಹಗಾರನಾಗಿ ಇಲ್ಲೇ ಉಳಿದೆ. ದೊನ್ ಬೆಲ್ತ್ರಾನರಿಗೆ ಈಗ ಒಂದು ಕಣ್ಣು ಕಾಣುವುದಿಲ್ಲ. ವಾರದ ದಿನಗಳಲ್ಲಿ ಅವರು ಪಾರಿವಾಳ ನೋಡಿಕೊಳ್ಳುತ್ತಾರೆ. ಶನಿವಾರ ಕಸಿಲ್ದಾಳ ಜೊತೆ ಕೂತು ಹಿಟ್ಟು ನಾದುತ್ತಾರೆ. ಭಾನುವಾರ ಬುಟ್ಟಿ ಹಿಡಿದು ಚರ್ಚಿಗೆ ಹೋಗಿ, ಹೆಂಗಸರ ನಡುವೆ ಆ ಕಲ್ಲಿನ ಮೇಲೆ ಕೂತು, ತಾಯಿಗೆ ಒಂದು ಮಗನಿಗೆ ಒಂದು ರೊಟ್ಟಿ ಇಟ್ಟು ಬತ್ತಿ ಹಚ್ಚುತ್ತಾರೆ.